ಬಿ450 ಬೋರ್ಡಿಗೆ ಯಾವ ಡ್ರೈವ್ ಹಾಕಲಿ? ಸಾಟಾ ಎಸ್‌ಎಸ್‌ಡಿ ಸಾಕಾ, ಎನ್‌ವಿಎಂಇ ಬೇಕಾ?

ತುಂಗಾತೀರದ_ಗೇಮರ್:

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಪಿಸಿ. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ವಿಂಡೋಸ್, ಗೇಮು, ಫೋಟೋ ಎಲ್ಲ ಒಂದೇ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿವೆ. ವ್ಯಾಲೊರಂಟ್, ಜಿಟಿಎ 5 ಹೇಗೋ ನಡೆಯುತ್ತವೆ. ಈಗ ಸೈಬರ್‌ಪಂಕ್ 2077 ಮತ್ತು ಬಾಲ್ಡರ್ಸ್ ಗೇಟ್ 3 ಆಡುವ ಆಸೆ. ಸ್ಟೀಮಿನಲ್ಲಿ ನೋಡಿದರೆ ಎರಡಕ್ಕೂ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ವೇಗದ ಡ್ರೈವ್) ಬೇಕೇ ಬೇಕು ಅಂತಿದೆ.

ಮುಂದಿನ ವಾರ ಚಿಕ್ಕಪ್ಪ ಬೆಂಗಳೂರಿಗೆ ಹೋಗುತ್ತಿದ್ದಾರೆ, ಎಸ್‌ಪಿ ರೋಡಿನಿಂದ ತರಿಸಿಕೊಳ್ಳೋಣ ಅಂತಿದ್ದೇನೆ, ಆದರೆ ಅವರಿಗೆ ಇದೆಲ್ಲ ಗೊತ್ತಾಗಲ್ಲ, ಏನು ತರಬೇಕು ಅಂತ ನಾನೇ ಸರಿಯಾಗಿ ಬರೆದುಕೊಡಬೇಕು. ನನ್ನ ಬಜೆಟ್ಟಿಗೆ 500 ಜಿಬಿಯ ಒಳ್ಳೆ ಜೆನ್ 4 (ನಾಲ್ಕನೇ ತಲೆಮಾರಿನ) ಎನ್‌ವಿಎಂಇ, ಅಂದರೆ ಬೋರ್ಡಿಗೇ ನೇರ ಚುಚ್ಚುವ ವೇಗದ ಎಸ್‌ಎಸ್‌ಡಿ ಬರುತ್ತದೆ, ಇಲ್ಲಾಂದ್ರೆ 1 ಟಿಬಿ ಸಾಟಾ, ಅಂದರೆ ಹಳೆ ಬಗೆಯ ನಿಧಾನದ ಎಸ್‌ಎಸ್‌ಡಿ. ಯಾವುದು ತಗೊಳ್ಳಲಿ? ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏನಾದರೂ ಜಾಸ್ತಿ ಆಗುತ್ತಾ?

ಸರ್ಕ್ಯೂಟ್_ಸೀನ:

ಎಫ್‌ಪಿಎಸ್ ಆಸೆ ಬಿಡಿ. ಅದು ಕಾರ್ಡು ಮತ್ತು ಸಿಪಿಯು ಕೆಲಸ. ಆದರೆ ಓಪನ್ ವರ್ಲ್ಡ್ ಗೇಮಿನಲ್ಲಿ ಗಾಡಿ ಜೋರಾಗಿ ಓಡಿಸುವಾಗ ಒಂದು ಕ್ಷಣ ನಿಂತು ನಿಂತು ಹೋಗುತ್ತಲ್ಲ, ರಸ್ತೆ ಬದಿಯ ಕಟ್ಟಡ ಮಸುಕಾಗಿ ಬಂದು ಆಮೇಲೆ ಸರಿಯಾಗುತ್ತಲ್ಲ, ಅದು ಬಹಳ ಮಟ್ಟಿಗೆ ಹೋಗುತ್ತದೆ.

ಇನ್ನು ವೇಗದ ಲೆಕ್ಕ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದುತ್ತದೆ, ಸಾಟಾ ಎಸ್‌ಎಸ್‌ಡಿ 550, ಜೆನ್ 3 ಎನ್‌ವಿಎಂಇ 3500, ಜೆನ್ 4 ಆದರೆ 7000ದವರೆಗೆ. ಡಬ್ಬಿ ಮೇಲೆ ದೊಡ್ಡದಾಗಿ ಹಾಕುವುದು ಇದನ್ನೇ. ಆದರೆ ಇದು ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದುವ ವೇಗ. ಗೇಮ್ ಓದುವುದು ಹಾಗಲ್ಲ, ಅಲ್ಲೊಂದು ಚೂರು ಇಲ್ಲೊಂದು ಚೂರು ಹೆಕ್ಕುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಸಲ ಹೆಡ್ ಆ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು, ಸುಮಾರು 10 ಮಿಲಿಸೆಕೆಂಡ್. ಹಾಗಾಗಿ ಚಿಕ್ಕ ಚಿಕ್ಕ ಓದಿನಲ್ಲಿ ಅದು ಸೆಕೆಂಡಿಗೆ 1 ಎಂಬಿ ಆಸುಪಾಸಿಗೆ ಬಿದ್ದು ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸಾಟಾ ಆದರೂ ಅದೇ ಕೆಲಸವನ್ನು ಹತ್ತಾರು ಪಟ್ಟು ಬೇಗ ಮಾಡುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದರೆ ಅಷ್ಟು ದೊಡ್ಡ ನೆಗೆತ ಸಿಗಲ್ಲ. ಲೋಡಿಂಗಿನಲ್ಲಿ ಎರಡು ಮೂರು ಸೆಕೆಂಡ್ ಉಳಿಯಬಹುದು, ಅಷ್ಟೇ.

ಅದಕ್ಕೆ ನನ್ನ ಮಾತು: ಜಾಗಕ್ಕೆ ದುಡ್ಡು ಹಾಕಿ. ಬಾಲ್ಡರ್ಸ್ ಗೇಟ್ 3 ಒಂದಕ್ಕೇ 150 ಜಿಬಿ, ಸೈಬರ್‌ಪಂಕಿಗೆ 70. 500 ಜಿಬಿ ಡ್ರೈವ್ ವಿಂಡೋಸಿನಲ್ಲಿ 465 ಅಂತ ಕಾಣುತ್ತದೆ, ಅದರಲ್ಲಿ ವಿಂಡೋಸ್ ತನ್ನ ಪಾಲು ತಿನ್ನುತ್ತದೆ. ಉಳಿದಿದ್ದಕ್ಕೆ ತಿಂಗಳಿಗೊಂದು ಗೇಮ್ ಅಳಿಸುತ್ತಾ ಕೂರಬೇಕು.

ಜೆನ್5_ಜಗ್ಗ:

ಒಪ್ಪಲ್ಲ ಗುರು. ಈ ಕಾಲದಲ್ಲಿ ಸಾಟಾ ತಗೊಳ್ಳಿ ಅನ್ನೋದು ಸರಿಯಾ? ಡ್ರೈವಿನಿಂದ ಗೇಮಿನ ಡೇಟಾ ಬೇಗ ಓದಿಸುವ ಮೈಕ್ರೋಸಾಫ್ಟಿನ ಡೈರೆಕ್ಟ್‌ಸ್ಟೋರೇಜ್ ಬಂದಿದೆ, ಪಿಎಸ್5 ಒಳಗಿನ ಡ್ರೈವೇ ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಮುಂದೆ ಬರುವ ಗೇಮೆಲ್ಲ ಅದಕ್ಕೆ ತಕ್ಕ ಹಾಗೆಯೇ ಇರುತ್ತವೆ. ಜೆನ್ 4 ತಗೊಂಡರೆ ನಾಳೆ ಬೋರ್ಡ್ ಬದಲಾಯಿಸಿದಾಗಲೂ ಕೆಲಸಕ್ಕೆ ಬರುತ್ತದೆ.

ಸರ್ಕ್ಯೂಟ್_ಸೀನ:

ಜಗ್ಗ ಅವರೇ, ಸಾಟಾನೇ ತಗೊಳ್ಳಿ ಅಂತ ನಾನೆಲ್ಲಿ ಹೇಳಿದೆ? ಜಾಗ ನೋಡಿ ಅಂದೆ. ಪಿಸಿಯಲ್ಲಿ ಡೈರೆಕ್ಟ್‌ಸ್ಟೋರೇಜ್ ಜೊತೆ ಮೊದಲು ಬಂದಿದ್ದು ಫೋರ್‌ಸ್ಪೋಕನ್, 2023ರ ಜನವರಿಯಲ್ಲಿ. ಅದನ್ನು ಮಾಡಿದವರೇ ತೋರಿಸಿದ ಲೆಕ್ಕದಲ್ಲಿ ಒಂದು ದೃಶ್ಯ ಲೋಡ್ ಆಗಲು ಎನ್‌ವಿಎಂಇಗೆ 2 ಸೆಕೆಂಡ್ ಆಸುಪಾಸು, ಸಾಟಾಗೆ 4ರ ಆಸುಪಾಸು, ಹಾರ್ಡ್ ಡಿಸ್ಕಿಗೆ 20ರ ಮೇಲೆ. ಎರಡು ಸೆಕೆಂಡಿಗಾಗಿ ಅರ್ಧ ಜಾಗ ಬಿಟ್ಟುಕೊಡಬೇಕಾ? ಮೇಲಾಗಿ ಇವರದು ಬಿ450. 3600 ಪ್ರೊಸೆಸರಿಗೆ ಜೆನ್ 4 ಬರುತ್ತದೆ, ಬೋರ್ಡಿಗೆ ಬರಲ್ಲ. ಎಂಥ ಜೆನ್ 4 ಡ್ರೈವ್ ಹಾಕಿದರೂ ಜೆನ್ 3 ವೇಗದಲ್ಲೇ ಓಡುತ್ತದೆ.

ಇನ್ನೊಂದು ವಿಷಯ. ಲೋಡಿಂಗ್ ನಿಧಾನ ಅಂದ ತಕ್ಷಣ ಡ್ರೈವನ್ನೇ ಬೈಯುವುದೂ ಸರಿಯಲ್ಲ. ಜಿಟಿಎ ಆನ್‌ಲೈನ್ ವರ್ಷಗಟ್ಟಲೆ ನಿಮಿಷಗಟ್ಟಲೆ ಲೋಡ್ ಆಗುತ್ತಿತ್ತಲ್ಲ, ಜನ ಎಸ್‌ಎಸ್‌ಡಿ ಹಾಕಿದರೂ ಕಾಯುತ್ತಿದ್ದರು. 2021ರಲ್ಲಿ ಹೊರಗಿನವನೊಬ್ಬ ಕೋಡ್ ಬಿಚ್ಚಿ ನೋಡಿದ. 10 ಎಂಬಿಯ ಒಂದು ಪಟ್ಟಿಯನ್ನು ಗೇಮ್ ತೀರಾ ದಡ್ಡತನದಿಂದ ಓದುತ್ತಿತ್ತು, ಸಿಪಿಯುವಿನ ಒಂದೇ ಕೋರ್ ಅದರಲ್ಲೇ ಒದ್ದಾಡುತ್ತಿತ್ತು. ಅದನ್ನು ಸರಿಪಡಿಸಿದಾಗ ಅವನ ಪಿಸಿಯಲ್ಲಿ 6 ನಿಮಿಷದ ಲೋಡಿಂಗ್ 2 ನಿಮಿಷದೊಳಕ್ಕೆ ಬಂತು. ಗೇಮ್ ಮಾಡಿದ ರಾಕ್‌ಸ್ಟಾರ್ ಒಪ್ಪಿಕೊಂಡು ಅವನಿಗೆ 10,000 ಡಾಲರ್ ಕೊಟ್ಟು ಅಪ್‌ಡೇಟ್ ಬಿಟ್ಟಿತು. ಡ್ರೈವಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ರಿಪೇರಿ_ರಾಜಣ್ಣ:

ಇಬ್ಬರೂ ಜಗಳ ಬಿಡಿ. ತಮ್ಮಾ, 500ರ ದುಬಾರಿ ಜೆನ್ 4 ಬೇಡ. 1 ಟಿಬಿಯ ಸಾದಾ ಎನ್‌ವಿಎಂಇ ರೇಟು ಕೇಳಿಸು. ಎಷ್ಟೋ ಸಲ ಸಾಟಾಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇರಲ್ಲ, ಕೇಬಲ್ ಎಳೆಯುವ ಗೋಜೂ ಇಲ್ಲ. ರೇಟು ತೀರಾ ಜಾಸ್ತಿ ಹೇಳಿದರೆ ಮಾತ್ರ ಸಾಟಾ.

ಚಿಕ್ಕಪ್ಪನಿಗೆ ಬರೆದುಕೊಡುವಾಗ ಬರೀ "ಎಂ.2 ಎಸ್‌ಎಸ್‌ಡಿ" ಅಂತ ಬರೆಯಬೇಡ. ಎಂ.2 ಅನ್ನೋದು ಆಕಾರ ಅಷ್ಟೇ, ಅದೇ ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ. "ಎನ್‌ವಿಎಂಇ, 2280, 1 ಟಿಬಿ, ಟಿಎಲ್‌ಸಿ" ಅಂತ ಬರಿ. 2280 ಅಂದರೆ ಡ್ರೈವಿನ ಅಳತೆ, ಟಿಎಲ್‌ಸಿ ಅಂದರೆ ಮೆಮರಿ ಚಿಪ್ಪಿನ ಬಗೆ. ಇನ್ನೊಂದು ಬಗೆ ಕ್ಯೂಎಲ್‌ಸಿ ಅಗ್ಗ, ಆದರೆ ಒಂದೇ ಸಲಕ್ಕೆ ನೂರಾರು ಜಿಬಿ ಕಾಪಿ ಮಾಡಿದರೆ ಕ್ಯಾಶ್ (ಬರೆಯುವಾಗ ಬಳಸುವ ವೇಗದ ತಾತ್ಕಾಲಿಕ ಜಾಗ) ತುಂಬಿ ವೇಗ ಧೊಪ್ಪನೆ ಬೀಳುತ್ತದೆ. ಒಳಗೆ ಡಿರ‍್ಯಾಮ್ ಅನ್ನೋ ಪುಟ್ಟ ಮೆಮರಿ ಚಿಪ್ ಇಲ್ಲದ ಡ್ರೈವ್ ಆದರೂ ಪರವಾಗಿಲ್ಲ, ಗೇಮಿಗೆ ಏನೂ ತೊಂದರೆ ಇಲ್ಲ. ಬಿಲ್ ಹಾಕಿಸಲೇಬೇಕು, ಸೀರಿಯಲ್ ನಂಬರ್ ಸಮೇತ. ಮನೆಗೆ ಬಂದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರಿನಲ್ಲಿ ಪವರ್ ಆನ್ ಗಂಟೆ (ಡ್ರೈವ್ ಓಡಿದ ಒಟ್ಟು ಸಮಯ) ನೋಡು. ಹೊಸ ಡ್ರೈವಿನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಸಾವಿರಗಟ್ಟಲೆ ಇದ್ದರೆ ಯಾರೋ ಬಳಸಿದ ಮಾಲು.

ಹಾಂ, ಬೋರ್ಡಿನ ಡಬ್ಬಿಯಲ್ಲಿ ಡ್ರೈವ್ ಬಿಗಿಯಲು ಒಂದು ಪುಟಾಣಿ ಸ್ಕ್ರೂ ಬಂದಿರುತ್ತದೆ, ಈಗಲೇ ಹುಡುಕಿಡು. ಅದು ಇಲ್ಲದೆ ಬಂದು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ತುಂಗಾತೀರದ_ಗೇಮರ್:

ಥ್ಯಾಂಕ್ಸ್ ಅಣ್ಣ, ಎಲ್ಲರಿಗೂ. ಸ್ಕ್ರೂ ಸಿಕ್ಕಿತು! 1 ಟಿಬಿ ಎನ್‌ವಿಎಂಇನೇ ಹೇಳುತ್ತೇನೆ. ಹಳೆ ಹಾರ್ಡ್ ಡಿಸ್ಕ್ ಏನು ಮಾಡಲಿ? ತೆಗೆದುಬಿಡಲಾ?

ರಿಪೇರಿ_ರಾಜಣ್ಣ:

ಯಾಕೆ ತೆಗೀತೀಯಾ, ಇರಲಿ. ಫೋಟೋ, ಸಿನಿಮಾ, ಹಳೆ ಸಣ್ಣ ಗೇಮಿಗೆ ಅದು ಸಾಕು. ಆಡದೆ ಬಿಟ್ಟ ದೊಡ್ಡ ಗೇಮನ್ನೂ ಸ್ಟೀಮ್ ಸೆಟ್ಟಿಂಗಿನ ಸ್ಟೋರೇಜಿಗೆ ಹೋಗಿ ಅದಕ್ಕೆ ದಾಟಿಸಿಡಬಹುದು, ಮತ್ತೆ ಆಡಬೇಕೆನಿಸಿದಾಗ ವಾಪಸ್ ತಂದರಾಯಿತು, 150 ಜಿಬಿ ಮತ್ತೆ ಡೌನ್‌ಲೋಡ್ ಮಾಡುವ ಕಷ್ಟ ಇರಲ್ಲ.

ಆದರೆ ಹೊಸ ಡ್ರೈವಿಗೆ ವಿಂಡೋಸ್ ಹಾಕುವಾಗ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡು. ಎರಡೂ ಇದ್ದರೆ ವಿಂಡೋಸ್ ಕೆಲವು ಸಲ ಬೂಟ್ ಫೈಲನ್ನು ಹಳೆ ಡಿಸ್ಕಿನಲ್ಲೇ ಬಿಡುತ್ತದೆ. ಮುಂದೆ ಯಾವತ್ತಾದರೂ ಆ ಡಿಸ್ಕ್ ತೆಗೆದರೆ ಪಿಸಿ ಆನ್ ಆಗಲ್ಲ, ಯಾಕೆ ಅಂತಲೂ ಗೊತ್ತಾಗಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಕೇಬಲ್ ಮತ್ತೆ ಚುಚ್ಚು. ಬಿ450ರ ಕೆಲವು ಬೋರ್ಡಿನಲ್ಲಿ ಎರಡನೇ ಎಂ.2 ಸ್ಲಾಟ್ ಬಳಸಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ, ಅದಕ್ಕೇ ಸಿಪಿಯು ಹತ್ತಿರದ ಸ್ಲಾಟಿಗೇ ಹಾಕು. ನಿನ್ನ ಬೋರ್ಡಿನ ಪೂರ್ತಿ ಮಾಡೆಲ್ ಇಲ್ಲಿ ಹಾಕಿದರೆ ಮ್ಯಾನ್ಯುಯಲ್ ನೋಡಿ ಹೇಳುತ್ತೇನೆ.