14 ಇಂಚಿನ ಕಟಾಫ್ ಮಷಿನ್‌ಗೆ ಹಲ್ಲಿನ ಬ್ಲೇಡ್: 66 ಹಲ್ಲಿಂದೋ, 90 ಹಲ್ಲಿಂದೋ?

ಗೇಟ್‌ಗ್ರಿಲ್_ಗಂಗಾವತಿ:
ದಿನಾ ಕತ್ತರಿಸೋದು 40×40 ಎಂಎಸ್ (ಮೈಲ್ಡ್ ಸ್ಟೀಲ್) ಸ್ಕ್ವೇರ್ ಪೈಪ್ (2 ಎಂಎಂ ದಪ್ಪ), 50×50×5 ಆಂಗಲ್, ನಡುನಡುವೆ ಟಿಎಂಟಿ ರಾಡ್. ಮಷಿನ್ ಮಾಮೂಲಿ 14 ಇಂಚಿನ ಕಟಾಫ್, ಪ್ಲೇಟಿನ ಮ್ಯಾಲೆ 3800 ಆರ್‌ಪಿಎಂ ಅಂತೈತಿ. ಹಲ್ಲಿಲ್ಲದ ಕಟಿಂಗ್ ವೀಲ್ ಲಗೂನ ಸವೀತದ, ಕತ್ತರಿಸಿದ ತುದಿಗೆ ಬರ್ (ಚೂಪು ಸಿಬಿರು) ನಿಲ್ತದ, ಅದನ್ನ ಗ್ರೈಂಡ್ ಮಾಡೋದೇ ಒಂದು ಕೆಲಸ. ಆನ್‌ಲೈನ್‌ನಾಗ 355 ಎಂಎಂ (14 ಇಂಚು) ಗಟ್ಟಿ ಕಾರ್ಬೈಡ್ ಹಲ್ಲಿನ ಬ್ಲೇಡ್ ಅಗ್ಗಕ್ಕ ಸಿಗಾಕತ್ತಾವು. ಎಷ್ಟು ಹಲ್ಲಿಂದು ತಗೋಬೇಕ್ರಿ?

ಫ್ಯಾಬ್ರಿಕೇಶನ್_ಕೊಪ್ಪಳ:
ಹಲ್ಲಿನ ಲೆಕ್ಕ ಆಮ್ಯಾಲೆ. ಆ ಮಷಿನ್‌ಗೆ ಹಲ್ಲಿನ ಬ್ಲೇಡ್ ಹಾಕಲೇಬ್ಯಾಡ್ರಿ. ವೀಲಿಗೂ ಬ್ಲೇಡಿಗೂ ನಡುವಿನ ತೂತು 25.4 ಎಂಎಂ, ಸಲೀಸಾಗಿ ಕೂರ್ತದ. ಮೋಸ ಇರೋದೇ ಅಲ್ಲಿ. 355ರ ಕಾರ್ಬೈಡ್ ಬ್ಲೇಡಿನ ಮ್ಯಾಲೆ ಗರಿಷ್ಠ ವೇಗ 1600–1800ರ ಆಸುಪಾಸು ಬರೆದಿರ್ತದ. 3800ಕ್ಕೆ ತಿರುಗಿಸಿದ್ರ ಅಂಚು ನಿಮಿಷಕ್ಕ 4200 ಮೀಟರ್ ಮೀರಿ ಓಡ್ತದ. ಹಲ್ಲು ಕಾದು, ಬ್ರೇಜಿಂಗ್ (ಹಲ್ಲು ಕೂರಿಸಿದ ಬೆಸುಗೆ) ಬಿಟ್ಟು, ಗುಂಡಿನಂಗ ಹಾರ್ತದ. ಇದಕ್ಕ 1300–1450 ಆರ್‌ಪಿಎಂನ ಡ್ರೈ ಕಟ್ ಮಷಿನ್ನೇ (ಹಲ್ಲಿನ ಬ್ಲೇಡಿಗಂತ ನಿಧಾನ ತಿರುಗೋ ಮಷಿನ್) ಬೇಕು. 4 ಇಂಚಿನ ಗ್ರೈಂಡರಿಗೂ ಹಲ್ಲಿನ ಬ್ಲೇಡ್ ಬ್ಯಾಡ.

ಡ್ರೈ ಕಟ್ ತಗೊಂಡ್ರ ನಿಮ್ಮ ಪೈಪಿಗೆ 80–90 ಹಲ್ಲಿಂದು. 66ರದ್ದರಾಗ ಹಲ್ಲಿಂದ ಹಲ್ಲಿಗೆ 17 ಎಂಎಂ ಅಂತರ, 90ರದ್ದರಾಗ 12.4. ಪೈಪಿನ ಮ್ಯಾಲಿನ 40 ಎಂಎಂ ಮುಖದಾಗ ಮೂರು ಹಲ್ಲು ಕಚ್ಚಿರ್ತಾವು. ಪಕ್ಕದ ಗೋಡೆಗೆ ಇಳಿದಾಗ 2 ಎಂಎಂ ದಪ್ಪಕ್ಕ ಒಂದೊಂದೇ ಹಲ್ಲು ಬಂದು ಬಡೀತದ. ಹಲ್ಲಿನ ಚೂರು ಏಳೋದು ಅಲ್ಲೇ. ಅಲ್ಲಿ ಕೈ ಹಗುರ ಇರಲಿ, ಆದ್ರ ಸುಮ್ಮನ ಉಜ್ಜಾಕೂ ಬಿಡಬ್ಯಾಡ್ರಿ.

ಆಂಗಲ್‌ನ್ನ ಮೂಲೆ ಮ್ಯಾಲೆ ಬರೋಹಂಗ ಬೋರಲು ಇಟ್ಟು ವೈಸ್ ಬಿಗೀರಿ. ಎರಡೂ ರೆಕ್ಕೆ ಓರೆಯಾಗಿ ಸಿಗ್ತಾವು, ಬ್ಲೇಡಿಗೆ ಒಮ್ಮೆಲೇ ಅಗಲ ಬೀಳಂಗಿಲ್ಲ.

ಸಾಣೆ_ರಾಯಚೂರು:
ಟಿಎಂಟಿ ಮಾತ್ರ ಹಲ್ಲಿನ ಬ್ಲೇಡಿಗೆ ಕೊಡಬೇಡಿ. ರೋಲಿಂಗ್ ಆದ ತಕ್ಷಣ ನೀರು ಹಾಯಿಸಿ ಹೊರಪದರ ಗಟ್ಟಿ ಮಾಡಿರ್ತಾರೆ, ತೋರಣಗಲ್ಲಿನದಾಗಲಿ ಬೇರೆ ಊರಿನದಾಗಲಿ. ಮೈಲ್ಡ್ ಸ್ಟೀಲಿನ ಬ್ಲೇಡ್ ಅಲ್ಲಿ ಹಾಳು. ರಾಡಿಗೆ ಹಳೇ ಮಷಿನ್, ಹಳೇ ವೀಲೇ ಸರಿ. ಸ್ಟೇನ್‌ಲೆಸ್‌ಗೆ ಅದರದ್ದೇ ಬ್ಲೇಡ್.

ಅಗ್ಗದ್ದು ತಗೊಳ್ಳುವಾಗ ಗರಿಷ್ಠ ಆರ್‌ಪಿಎಂ, ಯಾವ ಲೋಹಕ್ಕೆ ಅನ್ನೋದು ಬ್ಲೇಡಿನ ಮೈ ಮೇಲೇ ಇರಬೇಕು. ಡಬ್ಬಿಯ ಮೇಲೆ ಮಾತ್ರ ಇದ್ದರೆ ಬಿಟ್ಟುಬಿಡಿ. ಹಲ್ಲಿನ ಬುಡದಲ್ಲಿ ಬ್ರೇಜಿಂಗ್ ತುಂಬಿದೆಯಾ, ಸಂದಿ ಕಾಣುತ್ತಾ ನೋಡಿ. ಸಾಣೆಗೆ ಕೊಟ್ಟರೆ ಮೊದಲಿದ್ದ ಕೋನವೇ ಉಳಿಯಬೇಕು ಅಂತ ಹೇಳಿ. ಮರದ ಬ್ಲೇಡಿನ ಹಾಗೆ ಮುಂದಕ್ಕೆ ಬಾಗಿಸಿ ಸಾಣೆ ಹಿಡಿದರೆ ಪೈಪನ್ನು ಕಚ್ಚಿ ಎಳೆಯುತ್ತೆ.

ಗೇಟ್‌ಗ್ರಿಲ್_ಗಂಗಾವತಿ:
ಹೊಸ ಮಷಿನ್‌ಗೆ ಈಗ ಬಜೆಟ್ ಇಲ್ರಿ. ಬಡಗಿಯವರ 7¼ ಇಂಚಿನ ಸರ್ಕ್ಯುಲರ್ ಸಾ (ಕೈಯಾಗ ಹಿಡಿಯೋ ಗರಗಸ ಮಷಿನ್) ಒಂದೈತಿ, 5500 ಆರ್‌ಪಿಎಂ. ಅದಕ್ಕ?

ಫ್ಯಾಬ್ರಿಕೇಶನ್_ಕೊಪ್ಪಳ:
185 ಎಂಎಂ ಸ್ಟೀಲ್ ಬ್ಲೇಡ್‌ನಾಗ 5800 ಬರೆದದ್ದೂ ಸಿಗ್ತದ, 3900 ಬರೆದದ್ದೂ ಸಿಗ್ತದ. ನಿಮಗ 5800ರದ್ದು, 48 ಹಲ್ಲಿಂದು. ಕಾದ ಚೂರು ಮೋಟರಿನ ಗಾಳಿ ಕಿಂಡಿಯೊಳಗ ಹೋಗ್ತಾವು, ಒಳಗ ಕಟ್ಟಿಗೆ ಪುಡಿ ಇದ್ರ ಹೊತ್ಕೊಳ್ತದ. ಮೊದಲು ಊದಿ ತೆಗೀರಿ, ಕನ್ನಡಕ ಹಾಕ್ರಿ. ದಿನದ ಕೆಲಸಕ್ಕಲ್ಲ, ಆಗೊಮ್ಮೆ ಈಗೊಮ್ಮೆ ಅಷ್ಟ.

ಸಾಣೆ_ರಾಯಚೂರು:
ವೀಲೇ ಮುಂದುವರಿಸುವುದಾದರೆ ನಡುವಿನ ಲೋಹದ ರಿಂಗ್ ಮೇಲೆ ಒತ್ತಿರುವ, ಅವಧಿ ಮುಗಿಯುವ ತಾರೀಖು ನೋಡಿ ತಗೊಳ್ಳಿ. ತಯಾರಾಗಿ 3 ವರ್ಷ ದಾಟಿದ್ದು, ಮಳೆಗಾಲದಲ್ಲಿ ತೇವ ಹಿಡಿದದ್ದು ಬೇಡ, ರಾಳದ ಅಂಟು ಸಡಿಲಾಗಿ ಒಡೆಯುತ್ತೆ. ವೋಲ್ಟೇಜ್ ಕಡಿಮೆ ಇದ್ದಾಗ ಮೋಟರ್ ಎಳೆಯಲ್ಲ, ಅದಕ್ಕೆ ಜನ ಇನ್ನೂ ಒತ್ತುತ್ತಾರೆ; ತುದಿ ಕೆಂಪಾಗೋದು, ಬರ್ ದಪ್ಪ ನಿಲ್ಲೋದು ಬಹುಪಾಲು ಇದರಿಂದಲೇ. ಎಕ್ಸ್‌ಟೆನ್ಶನ್‌ಗೆ 2.5 ಚದರ ಎಂಎಂ ತಾಮ್ರದ ವೈರ್ ಹಾಕಿ, 16 ಆಂಪ್ ಸಾಕೆಟ್‌ಗೆ ಕೊಡಿ.