ತುಳಸಿಕಟ್ಟೆಗೆ ಅಂಟಿಸಿದ ಪಿಂಗಾಣಿ, ಬಳೆ ಚೂರು ಉದುರುತ್ತಿದೆ. ಎಲ್ಲಿ ತಪ್ಪಾಗಿದೆ?

ಅಂಗಳದಂಚು:
ಅಂಗಳದ ತುಳಸಿಕಟ್ಟೆ 2 ಅಡಿ ಚೌಕ, ಎರಡೂವರೆ ಅಡಿ ಎತ್ತರ. ಇಟ್ಟಿಗೆ ಕಟ್ಟಿ ಗಾರೆ ಮಾಡಿದ್ದು, ಒಳಗೆ ಮಣ್ಣು ತುಂಬಿದೆ, ಹೊರಗೆ ಹಳದಿ ಎನಾಮೆಲ್ ಪೇಂಟ್ ಇತ್ತು. ನಾಲ್ಕೂ ಮೈಗೆ ಒಡೆದ ಕಪ್-ಸಾಸರ್, ಬಾತ್‌ರೂಮ್ ಕೆಲಸದಲ್ಲಿ ಉಳಿದ ಟೈಲ್ಸ್, ಹಳೇ ಗಾಜಿನ ಬಳೆ ಚೂರು ಸೇರಿಸಿ ಬಳ್ಳಿ-ಹೂವು ಮಾಡಿದ್ದೇನೆ. ಬಿಳಿ ಸಿಮೆಂಟಿಗೆ ಮರಗೆಲಸದ ಬಿಳಿ ಗೋಂದು ಕಲಸಿ ಅಂಟಿಸಿದ್ದು. ಒಂದು ಮಳೆಗಾಲ ಕಳೆಯುವುದರೊಳಗೆ ಕಪ್-ಸಾಸರ್ ಚೂರು ಬಹುತೇಕ ಉದುರಿದೆ, ಟೈಲ್ಸ್ ಅರ್ಧ ನಿಂತಿದೆ, ಬಳೆ ಇದ್ದರೂ ಬಣ್ಣ ಕಾಣುತ್ತಿಲ್ಲ. ಕೆಳಭಾಗದಲ್ಲಿ ಬಿಳಿ ಪುಡಿ ಬೇರೆ. ಎಲ್ಲ ಕಿತ್ತು ಹೊಸದಾಗಿ ಮಾಡಲು ತಯಾರಿದ್ದೇನೆ. ಏನು ಬದಲಿಸಬೇಕು?

ಕರಣೆ_ಬಾಂಡ್ಲಿ:
ಮೊದಲು ಉದುರಿದ ಚೂರುಗಳನ್ನು ಮಗುಚಿ ಹಿಂಬದಿ ನೋಡಿ. ಕಾರಣ ಅಲ್ಲೇ ಸಿಗುತ್ತದೆ.

ಹಿಂಬದಿ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ಅದು ಸಾಸರ್ ಚೂರೇ. ಕಪ್ಪು, ತಟ್ಟೆಗಳಿಗೆ ಎರಡೂ ಕಡೆ ಮೆರುಗು ಇರುತ್ತದೆ. ಮೆರುಗು ಅಂದರೆ ಗಾಜು, ಸಿಮೆಂಟಿಗೆ ಅದರೊಳಗೆ ಬೇರು ಬಿಡಲು ಜಾಗವೇ ಇಲ್ಲ. ಬಾತ್‌ರೂಮ್ ಗೋಡೆಯ ಸೆರಾಮಿಕ್ ಟೈಲ್ಸ್ ಹಿಂಬದಿ ಬರೀ ಸುಟ್ಟ ಮಣ್ಣು, ನೂರಕ್ಕೆ 10ಕ್ಕೂ ಹೆಚ್ಚು ಪಾಲು ನೀರು ಹೀರುತ್ತದೆ, ಅದಕ್ಕೇ ನಿಂತಿದೆ. ನೆಲಕ್ಕೆ ಹಾಕುವ ವಿಟ್ರಿಫೈಡ್ ಆದರೆ ಅರ್ಧ ಪಾಲೂ ಹೀರುವುದಿಲ್ಲ, ಅದನ್ನು ಸಾಸರ್ ಥರವೇ ನೋಡಿಕೊಳ್ಳಬೇಕು.

ಹಿಂಬದಿಗೆ ಹಳದಿ ಸಿಪ್ಪೆ ಅಂಟಿಕೊಂಡು ಬಂದಿದ್ದರೆ ನಿಮ್ಮ ಅಂಟು ಗಟ್ಟಿಯೇ ಇತ್ತು, ಪೇಂಟ್ ಗೋಡೆ ಬಿಟ್ಟಿದೆ. ಬೆರಳಿಗೆ ಮೆತ್ತಗೆ ಹಾಲುಬಿಳಿ ಲೋಳೆ ತಾಗಿದರೆ ಗೋಂದಿನ ತಪ್ಪು: ಮರದ ಗೋಂದು ನೀರಲ್ಲಿ ಮೆದುವಾಗುವ ಜಾತಿ, ಹೊರಗಡೆ ಕೆಲಸಕ್ಕೆ ಸಲ್ಲದು. ನಿಮ್ಮ ಕಟ್ಟೆಯಲ್ಲಿ ಮೂರೂ ಇರಬಹುದು.

ಪೇಂಟ್ ಪೂರ್ತಿ ಕೆರೆದು ತೆಗೆಯಿರಿ. ಆಮೇಲೆ ಉಳಿ-ಸುತ್ತಿಗೆಯಲ್ಲಿ ಇಂಚಿಗೊಂದರಂತೆ 3 ಮಿ.ಮೀ. ಆಳದ ಗುಳಿ ಹೊಡೆದು, ದೂಳು ತೊಳೆದು, ಗೋಡೆ ಒದ್ದೆಯಿದ್ದೂ ನೀರು ಸುರಿಯದಷ್ಟು ಆರಿದಾಗ ಕೆಲಸ ಶುರು ಮಾಡಿ. ಅಂಟಿಗೆ ಪಾಲಿಮರ್ ಇರುವ, ಹೊರಗೋಡೆಗೂ ವಿಟ್ರಿಫೈಡ್‌ಗೂ ಆಗುತ್ತದೆ ಎಂದು ಚೀಲದ ಮೇಲೆ ಬರೆದಿರುವ ಟೈಲ್ ಅಡ್ಹೆಸಿವ್ ತನ್ನಿ. ನಾಲ್ಕು ಮೈ ಸೇರಿ 20 ಚದರ ಅಡಿ. 5 ಮಿ.ಮೀ. ದಪ್ಪಕ್ಕೆ ಸುಮಾರು 15 ಕೆಜಿ ಬೇಕು, 20 ಕೆಜಿಯ ಒಂದು ಚೀಲ ಧಾರಾಳ. ಒಂದು ಸಲಕ್ಕೆ 2 ಕೆಜಿಗಿಂತ ಹೆಚ್ಚು ಕಲಸಬೇಡಿ. ಕಲಸಿ 5 ನಿಮಿಷ ಬಿಟ್ಟು ಮತ್ತೊಮ್ಮೆ ತಿರುವಿ. ಗೋಡೆಗೆ ಹಚ್ಚಿದ ಮೇಲೆ ಬಿಸಿಲಿದ್ದರೆ ಹತ್ತು-ಹದಿನೈದು ನಿಮಿಷದಲ್ಲಿ ಮೇಲೆ ಕೆನೆ ಕಟ್ಟುತ್ತದೆ. ಕೆನೆಯ ಮೇಲೆ ಒತ್ತಿದ ಚೂರು ನಿಂತಂತೆ ಕಂಡರೂ ನಿಂತಿರುವುದಿಲ್ಲ. ಒಂದೊಂದು ಅಡಿಯಷ್ಟೇ ಹಚ್ಚುತ್ತಾ ಹೋಗಿ.

ಸಾಸರ್ ಚೂರಿನ ಹಿಂಬದಿಯನ್ನು ನೀರು ಹಾಕಿ ಕಾರ್ಬೊರಂಡಮ್ ಕಲ್ಲಿನಲ್ಲಿ ಹೊಳಪು ಹೋಗುವವರೆಗೆ ಉಜ್ಜಿ. ಒಣ ಗ್ರೈಂಡರ್ ಹಿಡಿಯಬೇಡಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಪ್ಪಿನ ಚೂರು ಬಾಗಿರುವುದರಿಂದ ಮಧ್ಯೆ ಟೊಳ್ಳು ಉಳಿದು ನೀರು ಸೇರುತ್ತದೆ. ಇಂಚಿಗಿಂತ ಚಿಕ್ಕದಾಗಿ ಒಡೆದು, ಆ ಹೊಂಡಕ್ಕೆ ಅಂಟು ತುಂಬಿಸಿಯೇ ಒತ್ತಿ. ಒಡೆಯುವಾಗ ಗೋಣಿಚೀಲದಲ್ಲಿ ಸುತ್ತಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಬಳೆಗಾರ್ತಿ:
ಬಳೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ಅದರಷ್ಟು ಚೆಂದದ ಸಾಮಾನು ಇನ್ನೊಂದಿಲ್ಲ. ಗಾಜು ಪಾರದರ್ಶಕ. ಹಿಂದೆ ಬೂದು ಸಿಮೆಂಟಿದ್ದರೆ ಹಸಿರು ಬಳೆಯೂ ಕೆಂಪು ಬಳೆಯೂ ಒಂದೇ ಮಸಿಬಣ್ಣವಾಗುತ್ತವೆ. ಬಳೆ ಕೂರುವ ಕಡೆ ಬಿಳಿ ಅಡ್ಹೆಸಿವ್ ಹಾಕಿ. ನೀವು ಹಾಕಿದ್ದೂ ಬಿಳಿಯೇ ಆದ್ದರಿಂದ ಮೇಲೆ ಸಿಮೆಂಟಿನ ಪೊರೆ ಉಳಿದಿರಬೇಕು. ಒದ್ದೆ ಸ್ಪಂಜು, ಆಮೇಲೆ ನೈಲಾನ್ ಬ್ರಷ್ ಹಾಕಿ ಉಜ್ಜಿ ನೋಡಿ. ಆ್ಯಸಿಡ್ ಬೇಡ, ಅದು ಸಂದಿನ ಸಿಮೆಂಟನ್ನೇ ತಿನ್ನುತ್ತದೆ.

ಬಳೆಯನ್ನು ಮೇಲೆ ಅಂಟಿಸುವುದಲ್ಲ, ಹಸಿಯಲ್ಲಿ ಅರ್ಧ ದಪ್ಪ ಮುಳುಗುವಷ್ಟು ಒತ್ತಬೇಕು. ಇಕ್ಕೆಲದಿಂದಲೂ ಸಿಮೆಂಟ್ ಹಿಡಿದರೆ ಗಾಜು ನಯವಿದ್ದರೂ ಜಾರುವುದಿಲ್ಲ. ಚಂಡೀಗಢದಲ್ಲಿ ನೇಕ್ ಚಂದ್ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆದದ್ದು. ಅಲ್ಲಿನ ಬೊಂಬೆಗಳ ಮೈಮೇಲಿನ ಬಳೆ ಚೂರುಗಳ ಫೋಟೋ ಹಿಗ್ಗಿಸಿ ನೋಡಿ. ಒತ್ತೊತ್ತಾಗಿ ಕೂರಿಸಿದರೆ ಅದು ಬಟ್ಟೆಯ ನೇಯ್ಗೆಯಂತೆಯೇ ಕಾಣುತ್ತದೆ. ಬಳ್ಳಿಯ ಬಾಗಿಗೆ ಬಳೆಯ ಬಾಗು ತಾನಾಗಿ ಹೊಂದುತ್ತದೆ, ಚೂರು ಮಾಡುವಾಗ ಕಾಲು ಬಳೆಯಷ್ಟು ಉದ್ದ ಉಳಿಸಿಕೊಳ್ಳಿ.

ಸಂದು 3ರಿಂದ 5 ಮಿ.ಮೀ. ಇರಲಿ. ಬರೀ ಬಿಳಿ ಸಿಮೆಂಟ್ ತುಂಬಿದರೆ ಒಣಗುವಾಗ ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ, ಮಳೆ ನೀರು ನುಗ್ಗುವುದೇ ಅಲ್ಲಿಂದ. ಸಮಪಾಲು ಜರಡಿ ಹಿಡಿದ ನಯ ಮರಳು ಸೇರಿಸಿ. ಅಂಟಿಸಿದ 24 ಗಂಟೆ ನಂತರ ತುಂಬಿ, 20 ನಿಮಿಷಕ್ಕೆ ಒದ್ದೆ ಸ್ಪಂಜಿನಲ್ಲಿ ಒರೆಸಿ, ಮೇಲೆ ಒದ್ದೆ ಗೋಣಿ ಹೊದಿಸಿ 7 ದಿನ ತೇವ ಆರದಂತೆ ನೋಡಿಕೊಳ್ಳಿ. ಪ್ರದಕ್ಷಿಣೆ ಹಾಕುವ ಜಾಗ, ಸೀರೆ ಸೆರಗು ತಾಗುತ್ತದೆ, ಮಕ್ಕಳ ಕೈ ತಾಗುತ್ತದೆ. ಒಂದೊಂದು ಚೂರಿನ ಅಂಚನ್ನೂ ಬೆರಳಾಡಿಸಿ ನೋಡಿ, ಚುಚ್ಚಿದ್ದನ್ನು ಕಲ್ಲಿನಲ್ಲಿ ಉಜ್ಜಿ.

ಮಲೆನಾಡ_ಮಣ್ಣು:
ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಆ ಬಿಳಿ ಪುಡಿ ಬಿಟ್ಟುಹೋಯಿತು. ಅದು ಉಪ್ಪು. ತುಳಸಿಗೆ ದಿನಾ ಹಾಕುವ ನೀರು ಒಳಗಿನ ಮಣ್ಣಿಂದ ಇಟ್ಟಿಗೆಗೆ ಇಳಿದು, ಹೊರಗೆ ಬಂದು ಆರುವಾಗ ಉಪ್ಪು ಬಿಟ್ಟುಹೋಗುತ್ತದೆ. ಚೂರಿನ ಹಿಂದೆ ಉಪ್ಪು ಹರಳುಗಟ್ಟಿದರೆ ಎಂಥ ಅಂಟನ್ನಾದರೂ ಎಬ್ಬಿಸುತ್ತದೆ. ತುಳಸಿಯನ್ನು ಬೇರಿನ ಮಣ್ಣಿನ ಸಮೇತ ಕುಂಡಕ್ಕೆ ಎತ್ತಿಟ್ಟು, ಒಳಗಿನ ಮಣ್ಣು ತೆಗೆದು, ಸಿಮೆಂಟ್ ಜತೆ ಕಲಸುವ ವಾಟರ್‌ಪ್ರೂಫ್ ಲೇಪ ಒಳಮೈಗೆ ಎರಡು ಕೋಟ್ ಕೊಡಿ. ಬುಡದಲ್ಲಿ ಅರ್ಧ ಇಂಚಿನ ಪಿವಿಸಿ ಪೈಪು ಹೊರಕ್ಕೆ ಇಳಿಜಾರಾಗಿ ಕೂರಿಸಿ, ಒಳಬಾಯಿಗೆ ಜಲ್ಲಿ ಹಾಕಿ ಮಣ್ಣು ತುಂಬಿ. ಹೊರಗಡೆ ನೆಲದಿಂದ 4 ಇಂಚು ಚೂರು ಅಂಟಿಸದೆ ಖಾಲಿ ಬಿಡಿ, ನೆಲದ ತೇವ ಅಲ್ಲೇ ಆರಿಹೋಗಲಿ.

ಅಂಗಳದಂಚು:
ಮಗುಚಿ ನೋಡಿದೆ. ಸಾಸರ್ ಹಿಂಬದಿ ಹೊಳೆಯುತ್ತಿದೆ, ಟೈಲ್ಸ್ ಹಿಂದೆ ಹಳದಿ ಪೇಂಟ್. ಇನ್ನೊಂದು ಪ್ರಶ್ನೆ: ಕಟ್ಟೆಯ ಸುತ್ತ ಅಂಚಿಗೆ ಗಾಜಿನ ಬಾಟಲಿ ತಲೆಕೆಳಗಾಗಿ ಹೂಳಬಹುದೇ?

ಮಲೆನಾಡ_ಮಣ್ಣು:
ಧಾರಾಳವಾಗಿ. ಮುಚ್ಚಳ ಹಾಕಿ, ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೋಗಲಿ, ಕೆಳಗೆ 2 ಇಂಚು ಮರಳು. ಬಾಟಲಿಯ ತಳ ಒಳಕ್ಕೆ ಗುಳಿಯಾಗಿರುತ್ತದೆ. ಮಗುಚಿ ನೆಟ್ಟಾಗ ಅದೇ ಬಟ್ಟಲಾಗಿ ಮಳೆ ನೀರು ನಿಂತು, ಒಂದು ವಾರ ಕಳೆಯುವುದರಲ್ಲಿ ಡೆಂಗಿ ಸೊಳ್ಳೆ ಏಳುತ್ತದೆ. ಆ ಗುಳಿಗೆ ಬಿಳಿ ಅಡ್ಹೆಸಿವ್ ಅಂಚಿನವರೆಗೆ ತುಂಬಿ, ನಡುವೆ ಸ್ವಲ್ಪ ಉಬ್ಬಿಸಿ, ಉಳಿದ ಬಳೆ ಚೂರುಗಳನ್ನು ಅಲ್ಲಿಗೆ ಒತ್ತಿ.