ಅಪ್‌ಡೇಟ್: ಮರದ ಲ್ಯೂರ್ ಮೇಲಿನ ಫಾಯಿಲ್ ಸುಕ್ಕು ಮತ್ತು ಗುಳ್ಳೆ ಸರಿಹೋಯಿತು

ನಾನು ಕೇಳಿದ್ದು ಇಷ್ಟು: ಲ್ಯೂರ್‌ಗೆ (ಮೀನು ಹಿಡಿಯಲು ಗಾಳಕ್ಕೆ ಕಟ್ಟುವ ಕೃತಕ ಮೀನು) ಸುತ್ತಿದ ಅಲ್ಯೂಮಿನಿಯಂ ಫಾಯಿಲ್ ತಲೆ, ಬಾಲದ ಹತ್ತಿರ ಸುಕ್ಕಾಗುತ್ತದೆ, ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ, ಗಟ್ಟಿಯಾಗುವ ರಾಳ) ಹಚ್ಚಿದ ಮೇಲೆ ಗುಳ್ಳೆ ಏಳುತ್ತದೆ, ಏಕೆ?

ಸುಕ್ಕಿಗೆ ಕಾರಣ ಆಕಾರವೇ. ಹಾಳೆ ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ. ಎರಡೂ ದಿಕ್ಕಿಗೆ ಬಾಗಿದ ಕಡೆ ಹೆಚ್ಚಾದ ಲೋಹ ಮಡಿಕೆ ಬೀಳಲೇಬೇಕು. ಹಾಗಾಗಿ ಪೂರ್ತಿ ಸುತ್ತುವುದನ್ನು ಬಿಟ್ಟು, ಹಿಂಬದಿಗೆ ಅಂಟು ಇರುವ ಅಲ್ಯೂಮಿನಿಯಂ ಟೇಪಿನಿಂದ ಎರಡು ಪಕ್ಕಗಳಿಗೆ ಎರಡು ತುಂಡು, ಅಂಚಿನಲ್ಲಿ 2–3 ಮಿ.ಮೀ. ಚಿಕ್ಕದಾಗಿ. ಹಿಂಬದಿಯ ಕಾಗದ ಕೀಳುವ ಮೊದಲೇ ಒರಟು ಅರದ ಮೇಲಿಟ್ಟು ಒತ್ತಿ: ಮೀನಿನ ಹುರುಪೆಯಂಥ ಗುರುತೂ ಮೂಡುತ್ತದೆ, ಆ ಗೆರೆಗಳಿಂದ ಟೇಪು ತಿರುವಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ನನಗೆ ಸಿಕ್ಕ ಸಲಹೆಗಳಲ್ಲಿ ನಿಜಕ್ಕೂ ಅತ್ಯುತ್ತಮ ಇದು. ನಡುವಿನಿಂದ ಅಂಚಿಗೆ ಮಾತ್ರ ಉಜ್ಜಬೇಕು.

ಗುಳ್ಳೆ ಬರುತ್ತಿದ್ದುದು ಸೀಲ್ ಮಾಡದ ಮರದಿಂದ. ಬಿಸಿಯಾದಾಗ ರಂಧ್ರಗಳ ಗಾಳಿ ಹಿಗ್ಗಿ ಹೊರಬರುತ್ತದೆ. ಹಾಗಾಗಿ ಟೇಪು ಅಂಟಿಸುವ ಮೊದಲು ಮರಕ್ಕೆ ತೆಳು ಎಪಾಕ್ಸಿ, 24 ಗಂಟೆ ಒಣಗಿಸಿ, 400 ಗ್ರಿಟ್ ಸ್ಯಾಂಡ್ ಪೇಪರ್, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸುವುದು. ಆಮೇಲೆ ಬೆರಳು ತಾಗಿಸಬೇಡಿ, ಚರ್ಮದ ಜಿಡ್ಡಿದ್ದಲ್ಲಿ ಅಂಟು ಹಿಡಿಯುವುದಿಲ್ಲ.

ಬರೀ ಲೋಹದ ಮೇಲೆ ಬಣ್ಣ ನಿಲ್ಲದು. ತೆಳು ಪಾರದರ್ಶಕ ಲೇಪ ಕೊಟ್ಟ ನಂತರವೇ ಬೆನ್ನು, ಹೊಟ್ಟೆಗೆ ಬಣ್ಣ. ಟೇಪಿನ ಅಂಚೂ ಅದರಡಿ ಮುಚ್ಚಿಹೋಗುತ್ತದೆ. ಕೊನೆಯ ಎಪಾಕ್ಸಿ ದಪ್ಪಗೆ ಒಂದು ಬಾರಿಯಲ್ಲ, ತೆಳುವಾಗಿ ಎರಡು ಬಾರಿ, ಗಟ್ಟಿಯಾಗುವವರೆಗೆ ಲ್ಯೂರನ್ನು ನಿಧಾನಕ್ಕೆ ತಿರುಗಿಸುತ್ತಾ.